ಎಲೆ ಜೋತರೆ ಮೊದಲು ಕುಂಡ ಎತ್ತಿ ನೋಡಿ

ಆಷಾಢದ ಮಳೆ ಹಿಡಿಯಿತೆಂದರೆ ಕಾರವಾರದ ನನ್ನ ನರ್ಸರಿಗೆ ಗಿಡ ಕೊಳ್ಳುವವರಿಗಿಂತ ಸೊರಗಿದ ಗಿಡ ಹೊತ್ತು ತರುವವರೇ ಹೆಚ್ಚು. ಕಳೆದ ಮಳೆಗಾಲದಲ್ಲಿ ಕೋಡಿಬಾಗದ ನಿವೃತ್ತ ಅಕ್ಕೋರೊಬ್ಬರು ಪೀಸ್ ಲಿಲಿ ಕುಂಡವನ್ನು ರಿಕ್ಷಾದಲ್ಲಿ ತಂದರು. ಎಲೆಗಳೆಲ್ಲ ಕುಂಡದ ಅಂಚು ದಾಟಿ ಕೆಳಗೆ ಜೋತಿದ್ದವು.

"ದಿನಾ ಎರಡು ಹೊತ್ತು ನೀರು ಹಾಕ್ತೆ. ಆದ್ರೂ ಏಳೂದಿಲ್ಲ."

"ಅಕ್ಕೋರೇ, ಮಣ್ಣು ಮುಟ್ಟಿ ನೋಡಿದ್ರಾ?"

"ಎಲೆ ಬಾಡಿದ್ದು ಕಾಣ್ತದಲ್ಲ, ಮಣ್ಣು ಯಾಕೆ ಮುಟ್ಟೂದು?"

ಕುಂಡ ಎತ್ತಿದರೆ ಕಲ್ಲಿನ ಭಾರ. ಬೆರಳಿಳಿಸಿದರೆ ಕೆಸರು, ಮೂಸಿದರೆ ಕೊಳೆತ ವಾಸನೆ.

ಎಲೆಯನ್ನು ನೆಟ್ಟಗೆ ನಿಲ್ಲಿಸುವುದು ಅದರ ಕೋಶಗಳೊಳಗಿನ ನೀರಿನ ಒತ್ತಡ. ಆ ನೀರನ್ನು ಮೇಲೆ ಕಳಿಸುವ ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರೇ ತುಂಬಿ ಕೂತರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ, ನೀರೆಳೆಯುವ ಶಕ್ತಿ ಕುಂದುತ್ತದೆ. ಸೋತ ಬೇರಿಗೆ ಪಿಥಿಯಮ್‌ನಂಥ ರೋಗಾಣು ಬೇಗ ಹತ್ತುತ್ತದೆ. ಹೀಗೆ ನೀರಿನಲ್ಲೇ ನಿಂತ ಗಿಡ ನೀರಿಲ್ಲದೆ ಬಾಡುತ್ತದೆ. ನಾನು ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದವನು. ಅಲ್ಲಿ ಬಸಿಗಾಲುವೆ ಕಟ್ಟಿಕೊಂಡರೆ ಯಾರೂ ಮರಕ್ಕೆ ಮತ್ತೆ ನೀರು ಹಾಯಿಸುವುದಿಲ್ಲ, ಗುದ್ದಲಿ ಹಿಡಿದು ಕಾಲುವೆ ಬಿಡಿಸುತ್ತಾರೆ. ಕುಂಡದ ಗಿಡಕ್ಕೂ ಅದೇ ಕಣ್ಣು ಬೇಕು.

ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ತೇವ. ಬಿಸಿಲೂ ಇಲ್ಲದ್ದರಿಂದ ಎಲೆಯಿಂದ ನೀರು ಆರುವುದು ಕಡಿಮೆ. ಮಾರ್ಚ್‌ನಲ್ಲಿ ಎರಡು ದಿನಕ್ಕೊಮ್ಮೆ ನೀರು ಕೇಳುವ ಗಿಡ ಜುಲೈನಲ್ಲಿ ವಾರ ಕಳೆದರೂ ಕೇಳದಿರಬಹುದು. ನಮ್ಮ ಕೈ ಮಾತ್ರ ಬೇಸಿಗೆಯ ಲೆಕ್ಕದಲ್ಲೇ ಇರುತ್ತದೆ.

ನಿಜವಾಗಿ ಒಣಗಿದ ಗಿಡದ ಗುರುತು ಬೇರೆ: ಕುಂಡ ಹಗುರ, ಮಣ್ಣು ಅಂಚು ಬಿಟ್ಟಿರುತ್ತದೆ. ಅದನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಬಸಿಯಲು ಬಿಡಿ. ಪೀಸ್ ಲಿಲಿಯಾದರೆ ಸಂಜೆಯೊಳಗೆ ಎದ್ದು ನಿಲ್ಲುತ್ತದೆ.

ಅಕ್ಕೋರ ಗಿಡವನ್ನು ಬೇರುಸಹಿತ ಹೊರತೆಗೆದು ನಲ್ಲಿ ಕೆಳಗೆ ತೊಳೆದೆ. ಒಳ್ಳೆಯ ಬೇರು ಬೆಳ್ಳಗೆ, ಬಿಗಿಯಾಗಿರುತ್ತದೆ. ಕೊಳೆತದ್ದನ್ನು ಎರಡು ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಜಾರಿ ನಡುವಿನ ದಾರ ಮಾತ್ರ ಉಳಿಯುತ್ತದೆ. ಅಂಥದ್ದನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದೆ. ಉಳಿದ ಬೇರು ಅಷ್ಟು ಎಲೆ ಸಾಕಲಾರದು ಎಂದು ಹಳದಿಯಾದ ಎಲೆಗಳನ್ನೂ ಕತ್ತರಿಸಿದೆ. ಆಮೇಲೆ ಬೇರಿಗೆ ತಕ್ಕ ಸಣ್ಣ ಕುಂಡ. ದೊಡ್ಡದಾದರೆ ಬೇರು ತಲುಪದ ಮಣ್ಣು ಹಸಿಯಾಗೇ ಉಳಿಯುತ್ತದೆ.

ನಮ್ಮ ಕೆಂಪು ಮಣ್ಣನ್ನಷ್ಟೇ ತುಂಬಿದರೆ ಕುಂಡದಲ್ಲಿ ಅದು ಗಟ್ಟಿ ಕೂರುತ್ತದೆ. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಹೊಳೆಮರಳು, ಇದ್ದಿಲ ಚೂರು ಬೆರೆಸಿ. ಕಡಲ ದಂಡೆಯ ಮರಳು ಬೇಡವೇ ಬೇಡ, ಅದರ ಉಪ್ಪು ಬೇರನ್ನು ಸುಡುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆಯೂ ತಪ್ಪು. ಮೇಲಿನ ನುಣುಪು ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ, ಕೆಸರು ಬೇರಿನ ಹತ್ತಿರಕ್ಕೇ ಬರುತ್ತದೆ. ಬೇಕಿರುವುದು ತೆರೆದ ತೂತು ಮತ್ತು ಸಡಿಲ ಮಣ್ಣು. ತಟ್ಟೆಯಲ್ಲಿ ನಿಂತ ನೀರನ್ನು ಆಗಲೇ ಚೆಲ್ಲಿ, ಡೆಂಗ್ಯೂ ಸೊಳ್ಳೆಗೂ ಅದು ತೊಟ್ಟಿಲು.

ಚೇತರಿಸಿಕೊಳ್ಳುವ ತನಕ ಗೊಬ್ಬರ ಹಾಕಬೇಡಿ. ಬೆಳಕಿರುವ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಡಿ. ಬೆರಳಿನ ಎರಡು ಗೆಣ್ಣಿನಷ್ಟು ಮಣ್ಣು ಒಣಗಿದ ಮೇಲಷ್ಟೇ ನೀರು. ಬುಡವೇ ಮೆತ್ತಗಾಗಿದ್ದರೆ ಗಿಡ ಉಳಿಯುವುದು ಕಷ್ಟ, ಆ ಮಣ್ಣನ್ನೂ ಬೇರೆ ಕುಂಡಕ್ಕೆ ಹಾಕಬೇಡಿ.

ಅಕ್ಕೋರ ಗಿಡದಲ್ಲಿ ಏಳೆಂಟು ಬಿಳಿ ಬೇರು ಉಳಿದಿದ್ದವು. ಚೌತಿ ಹೊತ್ತಿಗೆ ನಡುವಿನಿಂದ ಹೊಸ ಎಲೆಯೊಂದು ಸುರುಳಿ ಬಿಚ್ಚಿತು. ಹಳೆಯ ಎಲೆಗಳಲ್ಲಿ ಎರಡು ಕೊನೆಗೂ ಏಳಲಿಲ್ಲ, ಅವನ್ನು ಅವರೇ ಕತ್ತರಿಸಿದರು.