ಕಿವಿ ಮೊದಲೋ, ಚೆವಿ ಮೊದಲೋ

ಭಾಷಾವಿಜ್ಞಾನ ಪಾಠ ಮಾಡುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ: "ಕನ್ನಡ ತಮಿಳಿನಿಂದ ಹುಟ್ಟಿದ್ದು ಅಂತಾರಲ್ಲ ಸಾರ್, ನಿಜವಾ?" ಕೇಳುವವರ ದನಿಯಲ್ಲಿ ಸ್ವಲ್ಪ ನೋವೂ ಇರುತ್ತದೆ. ಇಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಯಾಕೆ ಇಲ್ಲ ಅಂತ ತೋರಿಸಿದರೆ ತಾನೇ ಸಮಾಧಾನ? ಅದಕ್ಕೆ ನಾನು ಕಿವಿಯಿಂದ ಶುರು ಮಾಡುತ್ತೇನೆ.

ನಮ್ಮ ಕಿವಿ ಬರಹದ ತಮಿಳಿನಲ್ಲಿ ಚೆವಿ. ನಮ್ಮ ಕೇರಿ ಅಲ್ಲಿ ಚೇರಿ. ಪುದುಚ್ಚೇರಿ ಅಂದರೆ ನಮ್ಮ ಬಾಯಲ್ಲಿ ಹೊಸಕೇರಿ, ಅಷ್ಟೇ. ಹಳಗನ್ನಡದ ಕೆಯ್, ಅಂದರೆ ಮಾಡು, ತಮಿಳಿನಲ್ಲಿ ಚೆಯ್. ಕಕಾರಕ್ಕೆ ಇ ಅಥವಾ ಎ ಸೇರಿದ ಕಡೆ ತಮಿಳು ಅದನ್ನು ಚ ಮಾಡಿಕೊಂಡಿದೆ.

ಇಷ್ಟು ಹೇಳುವಷ್ಟರಲ್ಲಿ ತರಗತಿಯಲ್ಲಿ ಯಾರಾದರೂ ಕೈ ಎತ್ತುತ್ತಾರೆ. "ಹಾಗಾದರೆ ಕೇಳು? ತಮಿಳಲ್ಲೂ ಕೇಳ್ ಅಂತಾನೇ ಇದೆಯಲ್ಲ?" ನನಗೆ ತುಂಬ ಖುಷಿ ಕೊಡುವ ಪ್ರಶ್ನೆ ಇದು. ನಮ್ಮ ಗಿಳಿ ಕೂಡ ತಮಿಳಿನಲ್ಲಿ ಕಿಳಿಯೇ, ಚಿಳಿ ಅಲ್ಲ. ಈ ಎರಡು ಪದಗಳನ್ನೂ ಮೆಲ್ಲಗೆ ಉಚ್ಚರಿಸಿ ನೋಡಿ. ಎರಡರಲ್ಲೂ ಮುಂದೆ ಳ ಇದೆ. ನಾಲಿಗೆ ಹಿಂದಕ್ಕೆ ಮಡಚಿಕೊಳ್ಳುವ ಳ, ಣ, ಟ ಥರದ ಸದ್ದು ಮುಂದೆ ಇದ್ದಾಗ ಕ ಹಾಗೇ ಉಳಿದಿದೆ. ನಿಯಮ ಮುರಿದ ಹಾಗೆ ಕಂಡ ಕಡೆ ಇನ್ನೊಂದು ನಿಯಮ ಸಿಕ್ಕಿತು. ಭಾಷೆಗಳ ನಂಟನ್ನು ನಾವು ಅಳೆಯುವುದು ಇಂಥ ಕಟ್ಟುನಿಟ್ಟಿನ ಜೋಡಣೆಯಿಂದ. ಎರಡು ಪದ ಸುಮ್ನೆ ಒಂದೇ ಥರ ಕೇಳಿಸಿದರೆ ಸಾಕಾಗುವುದಿಲ್ಲ.

ಆದರೆ ಮೊದಲು ಇದ್ದದ್ದು ಕ ಅಂತ ಹೇಗೆ ಗೊತ್ತು? ಉಳಿದ ನೆಂಟರನ್ನು ಕೇಳಬೇಕು. ತುಳುವಿನಲ್ಲಿ ಕೆಬಿ. ಕೊಡವದಲ್ಲಿ ಕೆವಿ. ಮಹಾರಾಷ್ಟ್ರ, ತೆಲಂಗಾಣದ ಕೊಲಾಮಿಯಲ್ಲಿ ಕೆವ್. ಇಷ್ಟು ದೂರ ದೂರದ ಭಾಷೆಗಳು ಬೇರೆ ಬೇರೆಯಾಗಿ ಚ ಬಿಟ್ಟು ಕ ಹಿಡಿದವು ಅನ್ನುವುದಕ್ಕಿಂತ, ಕ ಮೊದಲೇ ಇತ್ತು ಅನ್ನುವುದು ಸರಿ. ಹಾಗಿದ್ದ ಮೇಲೆ ತಮಿಳಿನ ಚೆವಿಯಿಂದ ನಮ್ಮ ಕಿವಿ ಬಂದಿರುವುದು ಹೇಗೆ? ಈ ಪದದಲ್ಲಿ ಹಳೆಯ ಸದ್ದನ್ನು ಕಾಪಾಡಿಕೊಂಡಿರುವುದು ಕನ್ನಡ.

ಇಲ್ಲಿಗೆ ಬೀಗಬೇಕಾಗಿಲ್ಲ. ಹಾಲು, ಹೂವು, ಹುಲಿ, ಹೋಗು ಎಲ್ಲವೂ ಹಳಗನ್ನಡದಲ್ಲಿ ಪಾಲ್, ಪೂ, ಪುಲಿ, ಪೋಗು. ಪಂಪ 941ರಲ್ಲಿ ಕಾವ್ಯ ಬರೆದದ್ದು ಈ ಪಕಾರದಲ್ಲೇ. ನಡುಗನ್ನಡದ ಹೊತ್ತಿಗೆ ಪದದ ಮೊದಲಿನ ಪ ಹ ಆಗಿಬಿಟ್ಟಿತು. ತಮಿಳು ಇವತ್ತಿಗೂ ಪಾಲ್, ಪೂ, ಪುಲಿ ಅನ್ನುತ್ತದೆ. ಒಂದು ಕಡೆ ನಾವು ಹಳೆಯದನ್ನು ಉಳಿಸಿಕೊಂಡೆವು, ಇನ್ನೊಂದು ಕಡೆ ಅವರು. ಅಕ್ಕತಂಗಿಯರ ಮನೆಗಳಲ್ಲಿ ಅಜ್ಜಿಯ ಪಾತ್ರೆಪಗಡ ಹಂಚಿಹೋದ ಹಾಗೆ. ಆ ಅಜ್ಜಿಯನ್ನು ನಾವು ಮೂಲ ದ್ರಾವಿಡ ಅನ್ನುತ್ತೇವೆ. ಅವಳ ಕೈಬರಹದ ಒಂದು ಸಾಲೂ ನಮಗೆ ಸಿಕ್ಕಿಲ್ಲ. ಮೊಮ್ಮಕ್ಕಳನ್ನು ಪಕ್ಕ ಪಕ್ಕ ನಿಲ್ಲಿಸಿ ಅವಳ ಮುಖ ಊಹಿಸುತ್ತಿದ್ದೇವೆ.

ಪ ಹ ಆದ ಈ ಬದಲಾವಣೆ ಎರವಲು ಪದಗಳನ್ನು ಗುರುತಿಸುವುದಕ್ಕೂ ಒದಗುತ್ತದೆ. ಪುಸ್ತಕ, ಪೂಜೆ, ಪತ್ರ ಸಂಸ್ಕೃತದವು, ಪ ಹಾಗೇ ಇದೆ. ಆದರೆ ಹಬ್ಬವೂ ಅಲ್ಲಿಂದಲೇ ಬಂದದ್ದು: ಪರ್ವ, ಪಬ್ಬ, ಹಬ್ಬ. ಪಕ್ಷಿ ಕೂಡ ಪಕ್ಕಿಯಾಗಿ, ಹಕ್ಕಿಯಾಯಿತು. ಬೇಗ ಬಂದು ಮನೆಯವರಾದ ಪದಗಳು ಮನೆಯವರ ಜೊತೆಗೇ ಬದಲಾದವು. ಕನ್ನಡದಲ್ಲಿ ಸಂಸ್ಕೃತ ಪದ ಜಾಸ್ತಿ ಇವೆ, ಆದ್ದರಿಂದ ಕನ್ನಡ ಸಂಸ್ಕೃತದ ಮಗಳು ಅನ್ನುವವರೂ ಇದ್ದಾರೆ. ಎರವಲು ತಂದದ್ದರಿಂದ ವಂಶ ಬದಲಾಗುವುದಿಲ್ಲ. ಕೈಕಾಲು, ಅಪ್ಪ ಅಮ್ಮ, ನೀರು, ಒಂದು ಎರಡು, ನಾನು ನೀನು: ನೋಡಬೇಕಾದದ್ದು ಇವನ್ನು. ಮದರಾಸಿನಲ್ಲಿ ಅಧಿಕಾರಿಯಾಗಿದ್ದ ಎಲ್ಲಿಸ್ 1816ರಲ್ಲೇ ದಕ್ಷಿಣದ ಭಾಷೆಗಳದ್ದು ಸಂಸ್ಕೃತದಿಂದ ಬೇರೆಯಾದ ಮನೆತನ ಅಂತ ತೋರಿಸಿದ್ದರು. ಈ ದ್ರಾವಿಡ ಭಾಷೆಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸಿದ ಕಾಲ್ಡ್‌ವೆಲ್ ಅವರ ದೊಡ್ಡ ವ್ಯಾಕರಣ ಬಂದದ್ದು 1856ರಲ್ಲಿ.

ಇನ್ನು ಈ ದ್ರಾವಿಡ ಮನೆತನದ ಕೊಂಬೆಗಳ ವಿಷಯ. ಕನ್ನಡಕ್ಕೆ ಹತ್ತಿರ ಯಾವುದು, ತಮಿಳೋ ತೆಲುಗೋ? ತರಗತಿಯಲ್ಲಿ ಹೆಚ್ಚಿನವರು ತೆಲುಗು ಅನ್ನುತ್ತಾರೆ. ಲಿಪಿ ಒಂದೇ ಥರ ಇದೆಯಲ್ವಾ! ಆದರೆ ಲಿಪಿ ಅಂಗಿಯ ಹಾಗೆ, ಯಾರು ಬೇಕಾದರೂ ತೊಡಬಹುದು. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿ ಬೇರೆಯೇ ಕುಟುಂಬದ್ದು, ಮರಾಠಿ ಹಿಂದಿಗಳ ಕಡೆಯದು.

ಕೊಂಬೆಯ ಗುರುತು ಇರುವುದು ಒಟ್ಟಿಗೆ ಮಾಡಿಕೊಂಡ ಹೊಸ ಬದಲಾವಣೆಯಲ್ಲಿ. ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಮಾತು ತೆಲುಗು. "ನಮ್ಮಜ್ಜಿ ನನ್ನನ್ನ ಅದಿ ಅಂತಾರೆ ಸಾರ್, ಪುಸ್ತಕಕ್ಕೂ ಅದಿ ಅಂತಾರೆ" ಅಂದಳು. ಹೌದು, ತೆಲುಗಿನ "ಅದಿ ವಚ್ಚಿಂದಿ" ಅವಳು ಬಂದಳು ಅಂತಲೂ ಆಗುತ್ತದೆ, ಅದು ಬಂತು ಅಂತಲೂ ಆಗುತ್ತದೆ. ಗೌರವಕ್ಕೆ ಆಮೆ, ಆವಿಡ ಇವೆ, ಕ್ರಿಯಾಪದ ಮಾತ್ರ ವಚ್ಚಿಂದಿಯೇ. ಮಧ್ಯಭಾರತದ ದ್ರಾವಿಡ ಭಾಷೆ ಗೋಂಡಿಯಲ್ಲೂ ಹೆಂಗಸಿಗೂ ವಸ್ತುವಿಗೂ ಒಂದೇ ಪದ, ಅದ್. ಕನ್ನಡದಲ್ಲಿ ಅವಳು ಬೇರೆ, ಅದು ಬೇರೆ. ತಮಿಳು, ಮಲಯಾಳಂ ಎರಡರಲ್ಲೂ ಅವಳ್ ಇದೆ. ತುಳುವಿನಲ್ಲಿ ಆಳ್ ಇದೆ. ಹೆಂಗಸಿಗೆ ಈ ಬೇರೆ ಪದ ಕಟ್ಟಿಕೊಂಡದ್ದು ನಮ್ಮ ದಕ್ಷಿಣದ ಕೊಂಬೆಯ ಹೊಸ ಕೆಲಸ. ತೆಲುಗು ಇರುವುದು ಗೋಂಡಿ, ಕುಯಿ, ಕುವಿಗಳ ಕೊಂಬೆಯಲ್ಲಿ. ತೆಲುಗಿನಲ್ಲೂ ಚೆವಿ ಇದೆಯಲ್ಲ ಅಂದರೆ, ಕ ಚ ಆಗುವುದು ಬಾಯಿಗೆ ಬಲು ಸಲೀಸು. ಬೇರೆ ಬೇರೆ ಮನೆಗಳಲ್ಲಿ ತಂತಾನೇ ಆಗಬಹುದು. ಅದಕ್ಕೇ ಒಂದೇ ಗುರುತು ಹಿಡಿದುಕೊಂಡು ನಾವು ಕೊಂಬೆ ಕಟ್ಟುವುದಿಲ್ಲ.

ಮಧ್ಯದ ಕೊಂಬೆಯಲ್ಲಿ ಕೊಲಾಮಿ, ಪರ್ಜಿ ಮೊದಲಾದವು. ಉತ್ತರದಲ್ಲಿ ಜಾರ್ಖಂಡ್ ಕಡೆಯ ಕುಡುಖ್, ಮಾಲ್ತೊ, ಆಮೇಲೆ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹುಈ. ಅದನ್ನು ಆಡುವವರ ಸುತ್ತ ಬಲೋಚಿ, ಪಶ್ತೊ, ಸಿಂಧಿ. ಅವರ ಪದಗಳಲ್ಲಿ ಹೆಚ್ಚಿನವು ನಮಗೆ ಅಪರಿಚಿತ. ಕಣ್ಣಿಗೆ ಮಾತ್ರ ಖನ್ ಅನ್ನುತ್ತಾರೆ. ಎಣಿಸುವಾಗ ಅಸಿಟ್, ಇರಟ್, ಮುಸಿಟ್ ಅನ್ನುತ್ತಾರೆ. ಇರಟ್ ಪಕ್ಕ ನಮ್ಮ ಎರಡು, ಮುಸಿಟ್ ಪಕ್ಕ ನಮ್ಮ ಮೂರು ಇಟ್ಟು ನೋಡಿ. ನಾಲ್ಕರಿಂದ ಮುಂದಕ್ಕೆ ನೆರೆಯವರಿಂದ ತೆಗೆದುಕೊಂಡ ಚಾರ್, ಪಂಚ್.