ಪೇಂಟಿಗೆ ಅಂಟಿದ ಟೈರ್ ರಬ್ಬರ್: ಉಜ್ಜಬೇಡಿ, ನೆನೆಯಲು ಬಿಡಿ

ಮುಂದೆ ಹೋಗುತ್ತಿದ್ದ ಲಾರಿಯ ಟೈರ್ ಸಿಡಿದು ಚೂರುಗಳು ಬಾನೆಟ್‌ಗೆ ಬಡಿದಿರುತ್ತವೆ. ಇಲ್ಲವೇ ಇನ್ನೊಂದು ಗಾಡಿಯ ಚಕ್ರ ಬಾಗಿಲಿಗೆ ಒರೆಸಿಕೊಂಡು ಹೋಗಿರುತ್ತದೆ. ಕಪ್ಪು ಗೀರು ಕಂಡ ಕೂಡಲೇ ಬಣ್ಣವೇ ಹೋಯಿತು ಅಂತ ಗಾಬರಿಯಾಗುತ್ತದೆ, ಅಲ್ವಾ? ಆದರೆ ಇಂಥ ಕಾರುಗಳು ನನ್ನ ಕೈಗೆ ಬಂದಾಗ, ಎಷ್ಟೋ ಸಲ ನಾನು ಸರಿಮಾಡುವುದು ಟೈರಿನ ಗುರುತನ್ನಲ್ಲ, ಆಮೇಲೆ ಸ್ಕ್ರಬ್ಬರ್ ಹಾಕಿ ತಿಕ್ಕಿದ ಗೀಚುಗಳನ್ನು. ನೋಡಿದರೆ ಬೇಜಾರಾಗುತ್ತದೆ.

ಮೊದಲು ಗಾಡಿ ತೊಳೆದು ಧೂಳು ತೆಗೆಯಿರಿ. ಆಮೇಲೆ ಗುರುತಿನ ಮೇಲೆ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ಮೇಲೆ ಹತ್ತಿದರೆ ಅದು ರಬ್ಬರ್, ತೆಗೆಯಬಹುದು. ಕೆಳಗೆ ಇಳಿದು ಸಿಕ್ಕಿಕೊಂಡರೆ ಅದು ಗಾಯ, ಪೇಂಟ್ ಕೆಲಸದವರಿಗೇ ತೋರಿಸಬೇಕು.

ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ. ತಲೆಕೂದಲಿಗಿಂತ ತೆಳು! ಹೊಳಪು, ಬಿಸಿಲಿನಿಂದ ರಕ್ಷಣೆ ಎರಡೂ ಅದರಲ್ಲೇ ಇವೆ. ಬ್ಲೇಡು, ಮರಳುಕಾಗದದ ಹತ್ತಿರವೂ ಹೋಗಬೇಡಿ.

ಇನ್ನೊಂದು ವಿಷಯ ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ಟೈರ್ ರಬ್ಬರನ್ನು ಗಂಧಕ ಸೇರಿಸಿ ಬಿಸಿಯಲ್ಲಿ ಹದಗೊಳಿಸಿರುತ್ತಾರೆ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಹಾಗಾಗಿ ಸೀಮೆಎಣ್ಣೆಯಾಗಲಿ, ಡಾಂಬರಿನ ಕಲೆ ತೆಗೆಯುವ ದ್ರವವಾದ ಟಾರ್ ರಿಮೂವರ್ ಆಗಲಿ ಅದನ್ನು ಸಕ್ಕರೆಯಂತೆ ಕರಗಿಸುವುದಿಲ್ಲ. ಒಳಗೆ ಇಳಿದು ಉಬ್ಬಿಸುತ್ತದೆ. ಉಬ್ಬಿದ ರಬ್ಬರ್ ಪೇಂಟಿನ ಮೇಲಿನ ಹಿಡಿತ ಬಿಡುತ್ತದೆ. ಅದಕ್ಕೆ ಬೇಕಿರುವುದು ಸಮಯ, ನಮ್ಮ ತೋಳಿನ ಬಲ ಅಲ್ಲ.

ಕಾರು ನೆರಳಿನಲ್ಲಿರಲಿ, ಲೋಹ ಮುಟ್ಟಿದರೆ ತಣ್ಣಗಿರಬೇಕು. ಕಾದ ಬಾನೆಟ್ ಮೇಲೆ ದ್ರವ ನೆನೆಸುವ ಮೊದಲೇ ಆರಿಹೋಗುತ್ತದೆ. ಮೊದಲು ಬಾಗಿಲಿನ ಒಳ ಅಂಚಿನಲ್ಲಿ ಟಾರ್ ರಿಮೂವರ್‌ನ ಒಂದು ಹನಿ ಹಾಕಿ, ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಕೈಗವಸು ಹಾಕಿಕೊಳ್ಳಿ, ಹತ್ತಿರ ಬೆಂಕಿ ಬೇಡ.

ಈಗ ಮೈಕ್ರೋಫೈಬರ್ ಬಟ್ಟೆಯನ್ನು ಟಾರ್ ರಿಮೂವರ್‌ನಲ್ಲಿ ಅದ್ದಿ, ಗುರುತಿನ ಮೇಲೆ ಸುಮ್ನೆ ಇಟ್ಟುಬಿಡಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮಾತ್ರ. ಬಟ್ಟೆ ಎತ್ತಿ ನೋಡಿದರೆ ಗೀರಿನ ಅಂಚು ಸ್ವಲ್ಪ ಎದ್ದು ಮೆತ್ತಗಾಗಿರುತ್ತದೆ. ಹಗುರವಾಗಿ ಒಂದೇ ದಿಕ್ಕಿಗೆ ಒರೆಸಿ. ಕಪ್ಪು ಎಳೆಗಳು ಸುರುಳಿ ಸುತ್ತಿಕೊಂಡು ಬಟ್ಟೆಗೆ ಬರುತ್ತವೆ. ತಕ್ಷಣ ಬಟ್ಟೆಯ ಮಗ್ಗಲು ಬದಲಿಸಿ, ಇಲ್ಲದಿದ್ದರೆ ಬಂದ ಚೂರೇ ಮತ್ತೆ ಗೀಚುತ್ತದೆ. ಪೂರ್ತಿ ಬರಲಿಲ್ಲವೇ? ಮತ್ತೆ ನೆನೆಸಿ. ದಪ್ಪ ಚೂರಿದ್ದರೆ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ತಳ್ಳಿದರೆ ಸಾಕು. ದ್ರವ ಪೇಂಟಿನ ಮೇಲೆ ಒಣಗದಂತೆ ನೋಡಿಕೊಳ್ಳಿ.

ಥಿನ್ನರ್, ಅಸಿಟೋನ್ ಬೇಡವೇ ಬೇಡ, ಅವು ಪೇಂಟನ್ನೇ ಮೆತ್ತಗೆ ಮಾಡಬಲ್ಲವು. ಪೆಟ್ರೋಲ್ ಬೆಂಕಿಯ ಅಪಾಯ, ಜೊತೆಗೆ ನೆನೆಸುವಷ್ಟು ಹೊತ್ತು ನಿಲ್ಲುವುದೂ ಇಲ್ಲ. ಇತ್ತೀಚೆಗೆ ಮರುಪೇಂಟ್ ಆದ ಭಾಗವಿದ್ದರೆ ಪೇಂಟ್ ಮಾಡಿದವರನ್ನು ಕೇಳದೆ ಏನನ್ನೂ ಹಚ್ಚಬೇಡಿ. ಆ ಪದರ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೂ ದ್ರವ ತಾಗಿಸಬೇಡಿ, ಕಲೆ ನಿಲ್ಲುತ್ತದೆ.

ಕೊನೆಗೆ ಕಾರ್ ಶಾಂಪೂ ಹಾಕಿ ತೊಳೆಯಿರಿ. ಬೆರಳಿಗೆ ಇನ್ನೂ ಒರಟು ತಾಗಿದರೆ ಕಾರಿನ ಆ ಭಾಗವನ್ನು ಒದ್ದೆ ಮಾಡಿ ಕ್ಲೇ ಬಾರ್, ಅಂದರೆ ಅಂಟಿದ ಕೊಳೆ ಎತ್ತುವ ಮೆತ್ತನೆಯ ಜೇಡಿಯಂಥ ಉಂಡೆ, ಆಡಿಸಿ. ಅದೇ ದಿನ ಆ ಜಾಗಕ್ಕೆ ವ್ಯಾಕ್ಸ್ ಹಚ್ಚಿ. ರಬ್ಬರ್ ಬಿಡಿಸಿದ ದ್ರವ ಅಲ್ಲಿದ್ದ ಹಳೇ ವ್ಯಾಕ್ಸನ್ನೂ ಎತ್ತಿಕೊಂಡು ಹೋಗಿರುತ್ತದೆ.