ದನಿ ಹೋದ ಮೇಲಿನ ಮೊದಲ ಹಾಡು

ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್ ತನ್ನ ಗಾಯಕ ತೀರಿಕೊಂಡ ಮೇಲೆ ಹೊಸ ಗಾಯಕಿಯೊಂದಿಗೆ ಮಾಡಿದ ಮೊದಲ ಹಾಡು ‘ದಿ ಎಂಪ್ಟಿನೆಸ್ ಮಷೀನ್’ ಬಿಡುಗಡೆಯಾದದ್ದು 2024ರ ಸೆಪ್ಟೆಂಬರ್ 5ರಂದು. ನಮ್ಮಲ್ಲಿ ಆಗಲೇ ಆರನೇ ತಾರೀಖಿನ ನಸುಕು. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ ಈಗ ಪುಣೆ, ಹೈದರಾಬಾದ್, ಬೆಂಗಳೂರು ಅಂತ ಚದುರಿಹೋಗಿರುವ ಹಳೆಯ ಹಾಸ್ಟೆಲ್ ಗೆಳೆಯರಲ್ಲಿ ಅವತ್ತೇ ಜಗಳ ಹತ್ತಿತು. ‘ಅಂವ ಇಲ್ದ ಬ್ಯಾಂಡ್ ಏನ್ ಬ್ಯಾಂಡಪಾ’ ಅಂದವರು ಕೆಲವರು. ‘ಮೊದ್ಲ ಹಾಡು ಪೂರಾ ಕೇಳ್ರಿ, ಆಮ್ಯಾಲ ಮಾತಾಡ್ರಿ’ ಅಂದವರು ಉಳಿದವರು. ನಾನು ಎರಡನೇ ಗುಂಪಿನವನು.

‘ಅಂವ’ ಅಂದರೆ ಚೆಸ್ಟರ್ ಬೆನಿಂಗ್ಟನ್. 2017ರ ಜುಲೈ 20ರಂದು, 41ನೇ ವಯಸ್ಸಿಗೆ, ತನ್ನ ಜೀವ ತಾನೇ ತೆಗೆದುಕೊಂಡ ಗಾಯಕ. 2000ದ ‘ಹೈಬ್ರಿಡ್ ಥಿಯರಿ’ ಆಲ್ಬಮ್‌ನಿಂದ ಶುರುವಾಗಿ ಆ ದನಿ ನಮ್ಮ ಕಡೆಗೂ ಬಂದಿತ್ತು. ಮೊದಲು ಎಂಪಿ3 ಸಿಡಿಗಳಲ್ಲಿ, ಆಮೇಲೆ ಮೊಬೈಲ್ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ಕಾಲದಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರಿಗೆ ‘ಇನ್ ದಿ ಎಂಡ್’ನ ಸಾಲುಗಳು ಅರ್ಧಂಬರ್ಧ ತಿಳಿಯುತ್ತಿದ್ದವು, ಆದರೆ ಆ ಕೂಗು ಪೂರಾ ತಿಳಿಯುತ್ತಿತ್ತು. ‘ಗಿವನ್ ಅಪ್’ ಹಾಡಿನಲ್ಲಿ ಚೆಸ್ಟರ್ ಸುಮಾರು 17 ಸೆಕೆಂಡು ಒಂದೇ ಉಸಿರಿನಲ್ಲಿ ಚೀರುತ್ತಾನೆ. ಅದನ್ನು ಹಾಸ್ಟೆಲ್ ಟೆರೇಸಿನ ಮೇಲೆ ಪ್ರಯತ್ನಿಸಿ ಗಂಟಲು ಕೂರಿಸಿಕೊಂಡವರು ಒಬ್ಬಿಬ್ಬರಲ್ಲ.

ಗಾಯಕ ಸತ್ತ ಮೇಲೆ ಬ್ಯಾಂಡ್ ಅದೇ ಹೆಸರಿನಲ್ಲಿ ಹಾಡಬಹುದೇ ಎಂಬ ತಕರಾರು ಇವರಿಂದ ಶುರುವಾದದ್ದಲ್ಲ. ಹಾರ್ಡ್ ರಾಕ್‌ನಲ್ಲಿ ಅದಕ್ಕೆ 1980ರ ದೊಡ್ಡ ಉದಾಹರಣೆಯಿದೆ. ಆ ವರ್ಷದ ಫೆಬ್ರವರಿ 19ರಂದು ಎಸಿ/ಡಿಸಿ ಬ್ಯಾಂಡಿನ ಗಾಯಕ ಬಾನ್ ಸ್ಕಾಟ್ ಲಂಡನ್ನಿನಲ್ಲಿ ತೀರಿಕೊಂಡ. ಎರಡು ತಿಂಗಳೂ ತುಂಬುವ ಮೊದಲೇ ಬ್ರಿಯಾನ್ ಜಾನ್ಸನ್ ಅವನ ಜಾಗಕ್ಕೆ ಬಂದ. ಬಹಾಮಾಸ್‌ನಲ್ಲಿ ರೆಕಾರ್ಡಿಂಗ್ ಮುಗಿಸಿ ಜುಲೈನಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರತಂದರು. ಹೊದಿಕೆ ಪೂರಾ ಕಪ್ಪು, ಅದು ಸೂತಕದ ಗುರುತು. ಆದರೆ ಸಿಂಗಲ್ ಆಗಿ, ಅಂದರೆ ಆಲ್ಬಮ್‌ನಿಂದ ಬಿಡಿಹಾಡಾಗಿ, ಮೊದಲು ಬಿಟ್ಟದ್ದು ಶೋಕಗೀತೆಯನ್ನಲ್ಲ, ಕುಣಿಸುವ ‘ಯು ಶುಕ್ ಮಿ ಆಲ್ ನೈಟ್ ಲಾಂಗ್’. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 35ನೇ ಸ್ಥಾನದವರೆಗಷ್ಟೇ ಹೋಯಿತು. ಹಾಗಿದ್ದೂ ಆ ದೇಶದಲ್ಲಿ ಮೊದಲ 40ರೊಳಗೆ ಬಂದ ಅವರ ಮೊದಲ ಹಾಡು ಅದೇ, ಆಲ್ಬಮ್ಮಂತೂ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದವುಗಳ ಸಾಲಿಗೆ ಸೇರಿತು. ಅದೇ 1980ರಲ್ಲಿ ಡ್ರಮ್ಮರ್ ಜಾನ್ ಬಾನಮ್‌ನನ್ನು ಕಳೆದುಕೊಂಡ ಲೆಡ್ ಜೆಪ್ಲಿನ್ ಬ್ಯಾಂಡನ್ನೇ ನಿಲ್ಲಿಸಿತು. ಎರಡೂ ಪ್ರಾಮಾಣಿಕ ತೀರ್ಮಾನಗಳೇ.

ನಮ್ಮ ಭಾಗದವರಿಗೆ ಇದು ಇಷ್ಟು ದೊಡ್ಡ ಪ್ರಶ್ನೆ ಯಾಕೆ ಅನ್ನಿಸಬಹುದು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಕಲಬುರಗಿ, ಯಾದಗಿರಿಯ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬೇರೆ ಬೇರೆ ಕೊರಳು ಹಾಡುತ್ತಿವೆ. ಏಕತಾರಿ ಹಿಡಿದ ಹಿರಿಯ ಹೋದರೆ ಶಿಷ್ಯ ಪದ ಎತ್ತಿಕೊಳ್ಳುತ್ತಾನೆ, ಹಿಮ್ಮೇಳ ಅವನ ಹಿಂದೆ ಹೋಗುತ್ತದೆ. ಪದ ಯಾರದೆಂದು ಕೊನೆಯ ನುಡಿಯ ಅಂಕಿತವೇ ಹೇಳುವುದರಿಂದ ದನಿ ಬದಲಾದರೆ ಪದ ಅನಾಥವಾಗುವುದಿಲ್ಲ. ರಾಕ್‌ನಲ್ಲಿ ಹಾಗಲ್ಲ, ಅಲ್ಲಿ ಗಾಯಕನ ದನಿಯೇ ಅಂಕಿತ. ಅದು ಅಳಿಸಿದಾಗ ಕೇಳುಗರು ಸಿಟ್ಟಾಗುವುದು ಸಹಜ.

ಅದಕ್ಕೇ ‘ದಿ ಎಂಪ್ಟಿನೆಸ್ ಮಷೀನ್’ ಕಟ್ಟಿರುವ ಬಗೆಯನ್ನು ಗಮನಿಸಬೇಕು. ಮೊದಲ ಚರಣವನ್ನೂ ಮೊದಲ ಪಲ್ಲವಿಯನ್ನೂ ಹಾಡುವವನು ಮೈಕ್ ಶಿನೋಡಾ, ಅಂದರೆ ಶುರುವಿನಿಂದಲೂ ಬ್ಯಾಂಡಿನಲ್ಲಿರುವ ಪರಿಚಿತ ದನಿ. ಹೊಸ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಬರುವುದು ಎರಡನೇ ಚರಣಕ್ಕೆ. ಅದೇ ಪಲ್ಲವಿ ಅವಳ ಕೊರಳಿನಲ್ಲಿ ಮತ್ತೆ ಬರುವಾಗ ದನಿ ಒಡೆಯುತ್ತದೆ, ಗಿಟಾರ್ ಏರುತ್ತದೆ. ಮೊದಲು ಮನೆಯವನು ಬಾಗಿಲು ತೆರೆದು, ಆಮೇಲೆ ಹೊಸಬಳನ್ನು ಒಳಗೆ ಕರೆದಂತೆ. ಚೆಸ್ಟರ್‌ನ ಅನುಕರಣೆ ಇಲ್ಲಿಲ್ಲ. ನನ್ನ ಮಟ್ಟಿಗೆ ಹಾಡು ಗೆದ್ದದ್ದು ಇಲ್ಲೇ. 2009ರಲ್ಲಿ ‘ಆಲಿಸ್ ಇನ್ ಚೈನ್ಸ್’ ಬ್ಯಾಂಡ್ ಕೂಡ ಹೀಗೇ ಮರಳಿತ್ತು. ಅದರ ಗಾಯಕ ಲೇನ್ ಸ್ಟೇಲಿ ತೀರಿಕೊಂಡು ಏಳು ವರ್ಷವಾದ ಮೇಲೆ ಹಳೆಯ ಜೆರ್ರಿ ಕ್ಯಾಂಟ್ರೆಲ್ ಜೊತೆಗೆ ಹೊಸಬ ವಿಲಿಯಂ ಡುವಾಲ್ ದನಿಗೂಡಿಸಿದ.

ಆದರೂ ಸ್ವಾಗತ ಸಿಹಿಯಷ್ಟೇ ಆಗಿರಲಿಲ್ಲ. ಚೆಸ್ಟರ್‌ನ ತಾಯಿ ಮತ್ತು ಹಿರಿಯ ಮಗ ಬಹಿರಂಗವಾಗಿಯೇ ನೊಂದುಕೊಂಡರು. ಮುಂದೆ ಅತ್ಯಾಚಾರದ ಅಪರಾಧಿಯೆಂದು ಸಾಬೀತಾದ ನಟನೊಬ್ಬನ ಪರವಾಗಿ ಎಮಿಲಿ ಹಿಂದೆ ನ್ಯಾಯಾಲಯಕ್ಕೆ ಹೋಗಿದ್ದಳೆಂಬ ಆಕ್ಷೇಪ ಎದ್ದಿತು. ಹಾಗೆ ಹೋಗಬಾರದಿತ್ತು ಎಂದು ಅವಳು ಮರುದಿನವೇ ಬರೆದಳು. ಆ ಪ್ರಶ್ನೆ ಎತ್ತಿದವರನ್ನು ‘ಹಳೆ ಅಭಿಮಾನಿಗಳ ಹಟ’ ಎಂದು ತಳ್ಳಿಹಾಕುವುದು ಅನ್ಯಾಯ. ಸಂತ್ರಸ್ತರ ನೋವು ಹಾಡಿಗಿಂತ ದೊಡ್ಡದು.

ಹಾಡು ಮಾತ್ರ ಓಡಿತು. ಹಾಡುಗಳ ಪಟ್ಟಿಯಲ್ಲಿ ಬ್ರಿಟನ್ನಿನಲ್ಲಿ 4ನೇ ಸ್ಥಾನ, ಅಮೆರಿಕದಲ್ಲಿ 21. ನವೆಂಬರ್ 15ರಂದು ಬಂದ ಆಲ್ಬಮ್‌ನ ಹೆಸರು ‘ಫ್ರಮ್ ಝೀರೋ’, ಬ್ಯಾಂಡಿನ ಮೊಟ್ಟಮೊದಲ ಹೆಸರು ‘ಝೀರೋ’ ಎಂಬುದನ್ನು ನೆನಪಿಸುವಂಥದ್ದು. ಆಗ ಹಾಡುತ್ತಿದ್ದವನು ಮಾರ್ಕ್ ವೇಕ್‌ಫೀಲ್ಡ್, ಅವನು ಬಿಟ್ಟ ಜಾಗಕ್ಕೆ 1999ರಲ್ಲಿ ಬಂದವನೇ ಚೆಸ್ಟರ್. ಹಾಸ್ಟೆಲ್ ಜಗಳದಲ್ಲಿ ಇದನ್ನು ಹೇಳಿದಾಗ ಒಬ್ಬ ಮಾತ್ರ ಒಪ್ಪಿದ. ಅವನ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ, ಈ ಬ್ಯಾಂಡಿನಲ್ಲಿ ಅವಳು ಮೊದಲು ಕೇಳಿದ್ದು ಎಮಿಲಿಯ ದನಿಯನ್ನೇ. ‘ಹೈಬ್ರಿಡ್ ಥಿಯರಿ’ಗೆ ಅವಳು ಹೋದದ್ದು ಆಮೇಲೆ.